ದಾಟಲಾರೆಯೋ, ದಾಟಕೂಡದೋ?

ಪತ್ರ: ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಸೇತುವೆ ಮೇಲೆ ರಾಕ್ಷಸನೆದುರು ನಿಂತು ‘ಯೂ ಶಲ್ ನಾಟ್ ಪಾಸ್’ ಎಂದು ಗುಡುಗುತ್ತಾನಲ್ಲ, ಅದು ಮೊದಲ ಮಹಾಯುದ್ಧದ ಘೋಷಣೆಯಂತೆ. ಹಾಗಾದರೆ ಮೂಲ ಕಾದಂಬರಿ ಬರೆದ ಟೋಲ್ಕಿನ್ ಕದ್ದದ್ದೇ? – ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಕದ್ದದ್ದು ಅಂದರೆ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ? ಆದರೂ ನಿಮ್ಮ ಗುಮಾನಿ ಸುಮ್ನೆ ಹುಟ್ಟಿದ್ದಲ್ಲ.

ಘೋಷಣೆಯ ಊರು ಫ್ರಾನ್ಸಿನ ವರ್ಡನ್. 1916ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಅಲ್ಲಿ ಜರ್ಮನರೊಡನೆ ಕಾದಾಟ. ಜೂನ್ 23ರಂದು ಫ್ರೆಂಚ್ ಜನರಲ್ ನಿವೆಲ್ ಹೊರಡಿಸಿದ ಆಜ್ಞೆಯಲ್ಲಿ ‘ಗೆಳೆಯರೇ, ಅವರನ್ನು ದಾಟಲು ಬಿಡಬೇಡಿ’ ಎಂದಿತ್ತು. ಅದೇ ‘ಅವರು ದಾಟೋದಿಲ್ಲ’ ಎಂದು ಚಿಕ್ಕದಾಗಿ ಬಾಯಿಂದ ಬಾಯಿಗೆ ಹೋಯಿತು. (ಇದನ್ನು ನಿವೆಲ್‌ನ ಮೇಲಧಿಕಾರಿ ಪೆಟಾನ್ ಹೆಸರಿಗೆ ಬರೆಯುವವರೇ ಹೆಚ್ಚು. ದೊಡ್ಡವರ ಖಾತೆಗೆ ಎಲ್ಲವೂ ಜಮಾ!) 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಮ್ಯಾಡ್ರಿಡ್ ರೇಡಿಯೊದಲ್ಲಿ ಕಮ್ಯುನಿಸ್ಟ್ ನಾಯಕಿ ಡೊಲೊರೆಸ್ ಇಬಾರೂರಿ ಇದನ್ನೇ ‘ನೋ ಪಸರಾನ್’ ಎಂದು ಕೂಗಿದರು. 1939ರಲ್ಲಿ ಮ್ಯಾಡ್ರಿಡ್ ಬಿತ್ತು. ಗೆದ್ದ ಫ್ರಾಂಕೊ ಪಕ್ಷದವರು ‘ದಾಟಿ ಆಯ್ತಲ್ಲ’ ಎಂದು ಹಾಡು ಕಟ್ಟಿ ಅಣಕಿಸಿದರು.

ಇನ್ನು ಟೋಲ್ಕಿನ್. ಅದೇ 1916ರಲ್ಲಿ ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷರು, ಫ್ರೆಂಚರು ಕೂಡಿ ಜರ್ಮನರ ಮೇಲೆ ದಾಳಿ ಮಾಡಿದರು. ವರ್ಡನ್ ಮೇಲಿನ ಒತ್ತಡ ಇಳಿಸುವುದು ಅದರ ಒಂದು ಉದ್ದೇಶ. ಆ ಸೋಮ್‌ನಲ್ಲೇ 24 ವರ್ಷದ ಈತ ಬ್ರಿಟಿಷ್ ಸೇನೆಯ ಸಿಗ್ನಲ್ ಅಧಿಕಾರಿ. ಫೋನ್ ತಂತಿ, ಬಾವುಟ, ಪಾರಿವಾಳ, ಇವೇ ಕೆಲಸ. ದಾಳಿಯ ಮೊದಲ ದಿನವೇ ಜೀವದ ಗೆಳೆಯ ಗಿಲ್ಸನ್ ಸತ್ತ. ಹೇನಿನಿಂದ ಹರಡುವ ಜ್ವರ ಹತ್ತಿ ನವೆಂಬರ್‌ನಲ್ಲಿ ಈತ ಊರಿಗೆ ಮರಳಿದ. ಆ ಘೋಷಣೆ ಕಿವಿಗೆ ಬೀಳದೇ ಇದ್ದೀತೇ?

ಆದರೆ 1954ರ ಪುಸ್ತಕ ತೆಗೆದು ನೋಡಿ. ಅಲ್ಲಿರುವುದು ‘ಶಲ್ ನಾಟ್’ ಅಲ್ಲ, ‘ಯೂ ಕೆನಾಟ್ ಪಾಸ್’. ನಮ್ಮ ಭಾಷೆಯಲ್ಲಿ ಹೇಳಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ‘ದಾಟಕೂಡದು’ ಎಂಬುದು ತಡೆಯುವವನ ಹಟ. ‘ದಾಟಲಾರೆ’ ಎಂಬುದು ಎದುರಿಗಿರುವವನ ಶಕ್ತಿಯ ಲೆಕ್ಕ. ಗ್ಯಾಂಡಾಲ್ಫ್ ಆ ಲೆಕ್ಕವನ್ನು ತಣ್ಣಗೆ ಹೇಳುತ್ತಾನೆ. ಸೈನಿಕರ ಘೋಷಣೆ ‘ಅವರು’ ಎಂದು ತಮ್ಮವರಿಗೆ ಹೇಳುವ ಧೈರ್ಯದ ಮಾತು. ಇಲ್ಲಿ ‘ನೀನು’ ಎಂದು ರಾಕ್ಷಸನ ಮುಖಕ್ಕೇ ಹೇಳುವುದು.

ಹಾಗಾಗಿ ಯುದ್ಧದಿಂದ ಬಂದದ್ದು ಮಾತಿಗಿಂತ ಸನ್ನಿವೇಶ ಎಂದೇ ನನಗೆ ಅನಿಸುತ್ತದೆ. ಕಟಾಂಜನವಿಲ್ಲದ ಇಕ್ಕಟ್ಟು ಕಲ್ಲು ಸೇತುವೆ, ಒಬ್ಬೊಬ್ಬರೇ ದಾಟಬೇಕು. ಉಳಿದವರು ಪಾರಾಗಲಿ ಎಂದು ಒಬ್ಬ ಹಿಂದೆ ನಿಲ್ಲುತ್ತಾನೆ, ಬೀಳುತ್ತಾನೆ. ಬೀಳುವಾಗಲೂ ‘ಓಡಿ, ಮೂರ್ಖರೇ’ ಎಂದೇ ಬೈಯುತ್ತಾನೆ.

2001ರ ಆ ಸಿನಿಮಾ ಇನ್ನೊಮ್ಮೆ ಹಾಕಿ ನೋಡಿ. ಅಲ್ಲೂ ಶುರುವಾಗುವುದು ‘ಕೆನಾಟ್’ ಎಂದೇ. ಕೋಲು ಕುಟ್ಟುವ ಹೊತ್ತಿಗೆ ಅದು ‘ಶಲ್ ನಾಟ್’ ಆಗಿರುತ್ತದೆ.