ಪಿತ್ತದ ಗಂಧೆ: ಮೊದಲ ಮೆಟ್ಟಿಲಲ್ಲೇ ಏಳು ತಿಂಗಳು

ಪ್ರಶ್ನೆ: ನನಗೆ 36 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಏಳು ತಿಂಗಳಿಂದ ದಿನವೂ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ. ಸಂಜೆಯಾದರೆ ಲಂಗದ ಲಾಡಿ ಬಿಗಿದ ಜಾಗ, ಬಳೆ ಒತ್ತುವ ಜಾಗ ಕೆಂಪಗೆ ಉಬ್ಬುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಕೆರೆದುಕೊಳ್ಳುತ್ತೇನೆ. ಮೀನು, ಬದನೆಕಾಯಿ ಬಿಟ್ಟೆ, ಪುನರ್ಪುಳಿ ಕುಡಿದೆ. ವೈದ್ಯರು ದಿನಕ್ಕೊಂದು ಲಿವೋಸೆಟ್ರಿಜಿನ್ ಕೊಟ್ಟರು, ಆಮೇಲೆ ಎರಡು ಸಲ ಮಾತ್ರೆ ಬದಲಿಸಿದರು. ಕೇಳಿದರೆ ‘ಮಾರ್ಗಸೂಚಿಯಂತೆ ಹಂತ ಹಂತವಾಗಿ ಹೋಗಬೇಕು’ ಎನ್ನುತ್ತಾರೆ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡರೆ ನಾಲ್ಕು ದಿನ ಆರಾಮ. ಒಳ್ಳೆಯ ಔಷಧ ಇದ್ದೂ ರೋಗಿ ಸೋತು ಸುಣ್ಣವಾದ ಮೇಲೆಯೇ ಕೊಡುವುದು ಯಾವ ನ್ಯಾಯ?
– ಓದುಗರು, ಕುಂದಾಪುರ

ಉತ್ತರ: ಏಳು ತಿಂಗಳು ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಮಾರ್ಗಸೂಚಿಯಲ್ಲಿ ಏನಿದೆ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಏಕೆಂದರೆ ಅದರ ಪ್ರಕಾರವೇ ನೀವು ಇಷ್ಟು ದಿನ ಮೊದಲ ಮೆಟ್ಟಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

6 ವಾರ ದಾಟಿದ ಗಂಧೆಯನ್ನು ದೀರ್ಘಕಾಲಿಕ ಅರ್ಟಿಕೇರಿಯಾ ಎನ್ನುತ್ತೇವೆ. ಹೆಚ್ಚು ಮಂಪರು ತರದ ಆಂಟಿಹಿಸ್ಟಮಿನ್ (ಅಲರ್ಜಿ ತಗ್ಗಿಸುವ) ಮಾತ್ರೆಯನ್ನು – ನಿಮ್ಮ ಲಿವೋಸೆಟ್ರಿಜಿನ್ ಇಂಥದ್ದೇ – ತುರಿಕೆ ಇರಲಿ ಬಿಡಲಿ, ದಿನವೂ ನುಂಗುವುದು ಮೊದಲ ಹಂತ. 2ರಿಂದ 4 ವಾರದಲ್ಲಿ ಹತೋಟಿಗೆ ಬರದಿದ್ದರೆ, ಅಥವಾ ತಡೆಯಲಾಗದಷ್ಟು ಹಿಂಸೆಯಾಗುತ್ತಿದ್ದರೆ ಅದಕ್ಕೂ ಮೊದಲೇ, ಅದೇ ಮಾತ್ರೆಯನ್ನು 4 ಪಟ್ಟಿನವರೆಗೆ ಹೆಚ್ಚಿಸಬಹುದು. ಅದೂ ಸಾಲದಿದ್ದರೆ, ಮತ್ತೆ ಅಷ್ಟೇ ಅವಧಿಯ ಬಳಿಕ, ಒಮಾಲಿಝುಮ್ಯಾಬ್ ಎಂಬ ಚುಚ್ಚುಮದ್ದನ್ನು 4 ವಾರಕ್ಕೊಮ್ಮೆ 300 ಮಿಲಿಗ್ರಾಂನಂತೆ ಸೇರಿಸುತ್ತಾರೆ. ಅದಕ್ಕೂ ಬಗ್ಗದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್. ಒಂದೇ ಪ್ರಮಾಣದಲ್ಲಿ ಮಾತ್ರೆಯ ಹೆಸರನ್ನಷ್ಟೇ ಬದಲಿಸುತ್ತ ಹೋಗುವುದು ಮೆಟ್ಟಿಲು ಹತ್ತಿದಂತಾಗುವುದಿಲ್ಲ. ಹಾಗೆಂದು ಪ್ರಮಾಣವನ್ನು ನೀವಾಗಿಯೇ ಏರಿಸಬೇಡಿ; ಮೂತ್ರಪಿಂಡದ ತೊಂದರೆ, ಗರ್ಭಧಾರಣೆಯ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೆಟ್ಟಿಲುಗಳೇ ಬೇಡವೆನ್ನಲು ನನಗೆ ಮನಸ್ಸಿಲ್ಲ. ಪ್ರಮಾಣ ಹೆಚ್ಚಿಸಿದ ಮಾತ್ರೆಯಲ್ಲೇ ಎಷ್ಟೋ ಮಂದಿಗೆ ಹಿಡಿತ ಸಿಗುತ್ತದೆ. ಸೈಕ್ಲೋಸ್ಪೊರಿನ್ ಕೊಟ್ಟರೆ ರಕ್ತದೊತ್ತಡ ಮತ್ತು ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಒಮಾಲಿಝುಮ್ಯಾಬ್‌ನ ಬೆಲೆಯಂತೂ ನಮ್ಮ ಹೆಚ್ಚಿನ ಕುಟುಂಬಗಳಿಗೆ ಎಟುಕುವಂಥದ್ದಲ್ಲ. ಮಾರ್ಗಸೂಚಿಯಲ್ಲಿ ಇರುವ ಔಷಧವನ್ನು ಹಣವಿಲ್ಲವೆಂಬ ಕಾರಣಕ್ಕೆ ದಾಟಿ ಹೋಗಬೇಕಾದಾಗ ಚೀಟಿ ಬರೆಯುವ ನನಗೂ ಸಂಕಟವಾಗುತ್ತದೆ.

ಕ್ಲಿನಿಕ್ಕಿನ ಇಂಜೆಕ್ಷನ್ ಬಹುಶಃ ಸ್ಟೀರಾಯ್ಡ್ ಇರಬೇಕು, ಹೆಸರನ್ನು ಬರೆಸಿಕೊಳ್ಳಿ. ಗಂಧೆ ವಿಪರೀತವಾದಾಗ ಹೆಚ್ಚೆಂದರೆ 10 ದಿನದ ಮಟ್ಟಿಗೆ ಮಾತ್ರ ಸ್ಟೀರಾಯ್ಡಿಗೆ ಅವಕಾಶವಿದೆ. ಪದೇ ಪದೇ ತೆಗೆದುಕೊಂಡರೆ ಸಕ್ಕರೆ, ರಕ್ತದೊತ್ತಡ ಏರಿ ಮೂಳೆ ಸವೆಯುತ್ತದೆ. ಆಹಾರ ಇದಕ್ಕೆ ಕಾರಣವಾಗುವುದು ಅಪರೂಪ. ಮೀನು ಬಿಟ್ಟೂ ಗಂಧೆ ಏಳುತ್ತಿದ್ದರೆ ಧಾರಾಳವಾಗಿ ತಿನ್ನಿ. ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಕೆಲವರಿಗೆ ಹೆಚ್ಚುತ್ತದೆ.

ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ರಾತ್ರಿಯ ಗಂಧೆ ಮಾಯವಾಗಿರುತ್ತದೆ. ನುಣ್ಣನೆಯ ತೋಳನ್ನು ನೋಡಿದ ವೈದ್ಯರಿಗೆ ನಿಮ್ಮ ಎರಡು ಗಂಟೆಯ ಹಿಂಸೆ ಕಾಣುವುದಿಲ್ಲ. ಫೋಟೊ ತೆಗೆದಿಟ್ಟುಕೊಳ್ಳಿ. ಜೊತೆಗೆ ಹಾಜರಿ ಪುಸ್ತಕದಂತೆ ಒಂದು ಹಾಳೆ ಮಾಡಿ: ಗಂಧೆ ಇಲ್ಲದ ದಿನಕ್ಕೆ 0, ದಿನದಲ್ಲಿ ಎದ್ದ ದದ್ದುಗಳು ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ 1, ಐವತ್ತರವರೆಗೆ 2, ಮೀರಿದರೆ 3, ತುರಿಕೆಗೂ ಅದರ ತೀವ್ರತೆ ನೋಡಿ ಹಾಗೆಯೇ 0ಯಿಂದ 3. ವಾರದ ಮೊತ್ತ ಗರಿಷ್ಠ 42. 28 ಮುಟ್ಟಿದರೆ ರೋಗ ತೀವ್ರವಾಗಿದೆ ಎಂದರ್ಥ. ಆ ಹಾಳೆಯನ್ನು ಚರ್ಮರೋಗ ತಜ್ಞರ ಮುಂದಿಟ್ಟು ‘ಮುಂದಿನ ಹಂತ ಯಾವಾಗ?’ ಎಂದು ನೇರವಾಗಿ ಕೇಳಿ. ಲಾಡಿ, ಬಳೆಯ ಜಾಗದ ವಿಷಯವನ್ನೂ ಹೇಳಿ, ಒತ್ತಡದಿಂದ ಏಳುವ ಗಂಧೆಗೆ ಬೇರೆ ಪರೀಕ್ಷೆಯಿದೆ. ಒಂದೇ ದದ್ದು 24 ಗಂಟೆ ಮೀರಿ ಉಳಿದು, ನೋವಾಗಿ, ಕಪ್ಪು ಕಲೆ ಬಿಟ್ಟು ಹೋದರೆ ಅದನ್ನೂ ತಿಳಿಸಿ. ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ ಮಾತ್ರ ಯಾವ ಹಾಳೆಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿ.