ಸ್ಕಾಟ್‌ಲ್ಯಾಂಡಿನ ಗೇಲಿಕ್ ಭಾಷೆಯ ಟಿವಿ ಉಳಿಯಲು ನಿಜಕ್ಕೂ ಏನು ಬೇಕು?

ಮೊದಲು ಬೇಕಾದದ್ದು ಕಾನೂನಿನ ಬಲವಿರುವ ಹಣ. 2008ರ ಸೆಪ್ಟೆಂಬರ್‌ನಲ್ಲಿ ಶುರುವಾದ ಗೇಲಿಕ್ ವಾಹಿನಿ ಬಿಬಿಸಿ ಆಲ್ಬಾವನ್ನು ಬಿಬಿಸಿ ಮತ್ತು ಗೇಲಿಕ್ ಮಾಧ್ಯಮ ಸಂಸ್ಥೆಯಾದ ಎಂಜಿ ಆಲ್ಬಾ ಜೊತೆಯಾಗಿ ನಡೆಸುತ್ತವೆ. ಎಂಜಿ ಆಲ್ಬಾಗೆ ಮುಖ್ಯವಾಗಿ ಹಣ ಕೊಡುವುದು ಸ್ಕಾಟಿಷ್ ಸರ್ಕಾರ. ಆ ಅನುದಾನ ಬಹಳ ವರ್ಷ ಸುಮಾರು 1.3 ಕೋಟಿ ಪೌಂಡ್ ಆಸುಪಾಸಿನಲ್ಲೇ ನಿಂತಿತ್ತು. ಬೆಲೆ ಏರಿದಂತೆ ಅಷ್ಟೇ ಹಣಕ್ಕೆ ಕಡಿಮೆ ಗಂಟೆಗಳ ಹೊಸ ಕಾರ್ಯಕ್ರಮ ಸಿಗುತ್ತದೆ, ಮರುಪ್ರಸಾರ ಹೆಚ್ಚುತ್ತದೆ. ಪೆಟ್ಟು ಮೊದಲು ಬೀಳುವುದು ನಾಟಕ, ಮಕ್ಕಳ ಕಾರ್ಯಕ್ರಮಗಳಿಗೆ. ಮನೆಯಲ್ಲಿ ಗೇಲಿಕ್ ಕೇಳದ ಮಗುವಿಗೆ ಅವೇ ಆಧಾರ.

ವೇಲ್ಸ್‌ನ ವೆಲ್ಷ್ ಭಾಷೆಯ ಎಸ್‌4ಸಿ ವಾಹಿನಿಯನ್ನು ನೋಡಿ. 2022ರಿಂದ ಅದರ ಸಾರ್ವಜನಿಕ ಹಣವೆಲ್ಲ ಟಿವಿ ನೋಡುವ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದಲೇ ಬರುತ್ತದೆ, ಹಲವು ವರ್ಷಗಳಿಗೆ ಮೊದಲೇ ನಿಗದಿಯಾಗಿ. ಗೇಲಿಕ್‌ಗಿಂತ ವೆಲ್ಷ್ ಮಾತನಾಡುವವರು ಹೆಚ್ಚು, ನಿಜ. ಆದರೆ ಸ್ಟುಡಿಯೋ, ಕ್ಯಾಮೆರಾ, ಸಂಕಲನದ ಖರ್ಚು ಭಾಷಿಕರ ಸಂಖ್ಯೆಗೆ ತಕ್ಕಂತೆ ಇಳಿಯುವುದಿಲ್ಲ.

ಬ್ರಿಟನ್ನಿನ 2024ರ ಮೀಡಿಯಾ ಕಾಯ್ದೆ ಗೇಲಿಕ್ ಅನ್ನು ಸಾರ್ವಜನಿಕ ಪ್ರಸಾರದ ಹೊಣೆಯೊಳಗೆ ತಂದಿತು, ಹಣದ ಖಾತರಿ ಕೊಡಲಿಲ್ಲ. ಬಿಬಿಸಿಯ ಈಗಿನ ಚಾರ್ಟರ್, ಅಂದರೆ ಅದರ ಹೊಣೆಗಳನ್ನು ನಿಗದಿ ಮಾಡುವ ರಾಜ ಸನ್ನದು, 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಎಂಜಿ ಆಲ್ಬಾಗೆ ಬಹುವರ್ಷದ ನಿಧಿ, ವರ್ಷಕ್ಕೆ ಇಷ್ಟು ಗಂಟೆ ಹೊಸ ಕಾರ್ಯಕ್ರಮ ಎಂಬ ಲಿಖಿತ ಬಾಧ್ಯತೆ, ಈ ಎರಡನ್ನೂ ಹೊಸ ಚಾರ್ಟರ್‌ನ ಮಾತುಕತೆಯಲ್ಲೇ ಬರೆಸಿಕೊಳ್ಳಬೇಕು.