ಬೇಸ್ ಗಿಟಾರ್ ಯಾರದ್ದು ಸ್ವಾಮಿ?

ಪತ್ರ: ಸಂಪಾದಕರೇ, ಗೆಳೆಯರ ವಾಟ್ಸಾಪ್ ಗ್ರೂಪಿಗೆ ದಿನಕ್ಕೊಂದು ಹಾಡು ಹಾಕುತ್ತೇನೆ. ಈ ತಿಂಗಳು ಇಂಗ್ಲೆಂಡಿನ ಬ್ರಿಸ್ಟಲ್ಲಿನ ‘ದ ಪಾಪ್ ಗ್ರೂಪ್’ ಅನ್ನೋ ಸಂಗೀತ ತಂಡ ಮತ್ತು ಅದು ಒಡೆದು ಹುಟ್ಟಿದ ತಂಡಗಳ ಸರದಿ. ಜೊತೆಗೆ ಯಾವ ವರ್ಷದ್ದು, ಯಾರು ನುಡಿಸಿದ್ದು ಅಂತ ನಾಲ್ಕು ಸಾಲು ಬರೆಯುತ್ತೇನೆ. ಮೊನ್ನೆ ಒಬ್ಬ ಗೆಳೆಯ ‘ಹಾಡು ಕಳಿಸು ಸಾಕು, ಪಾಠ ಮಾಡಬೇಡ’ ಅಂದ. ಅವನು ಹೇಳಿದ್ದು ಸರಿಯೇ? ನನ್ನ ಪಟ್ಟಿಯನ್ನೂ ಜೊತೆಗಿಟ್ಟಿದ್ದೇನೆ.
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲೂ ಹುರುಳಿದೆ. ಹಾಡು ಮೊದಲು ಕಿವಿಗೆ ಬೀಳಬೇಕು, ಟಿಪ್ಪಣಿ ಆಮೇಲೆ. ಇಷ್ಟು ಒಪ್ಪಿಕೊಂಡೆ. ಇಲ್ಲಿಂದಾಚೆ ನಾನು ಪೂರ್ತಿ ನಿಮ್ಮ ಕಡೆ.

ಹಾಸ್ಟೆಲಿನಲ್ಲಿದ್ದಾಗ ಸೀನಿಯರ್ ಒಬ್ಬರು ನನಗೊಂದು ಕ್ಯಾಸೆಟ್ ಕೊಟ್ಟರು. ಮೇಲೆ ನೀಲಿ ಇಂಕಿನಲ್ಲಿ ‘ಇಂಗ್ಲಿಷ್ ಮಿಕ್ಸ್ 2’ ಅಂತ ಬರೆದಿತ್ತು, ಅಷ್ಟೇ. ಬಿ ಸೈಡಿನ ಕೊನೆಯಲ್ಲಿ ಒಂದು ತುಣುಕು. ಕೆಳಗೆ ಡ್ರಮ್ಸು, ಅದರ ಜೊತೆ ಬಿಟ್ಟೂಬಿಡದೆ ಕುಣಿಯುವ ಬೇಸ್ ಗಿಟಾರ್, ಮೇಲೆ ತುತ್ತೂರಿಗಳ ಹಿಂಡು. ಮಾತೇ ಇಲ್ಲ. ದಿಬ್ಬಣದ ಬ್ಯಾಂಡ್‌ಸೆಟ್‌ನವರಿಗೆ ಯಾರೋ ಸ್ಟ್ರಾಂಗ್ ಕಾಫಿ ಜಾಸ್ತಿ ಕುಡಿಸಿದ ಹಾಗಿತ್ತು. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಕೇಳಿದೆ. ಒಂದು ದಿನ ಟೇಪೇ ತುಂಡಾಯಿತು. ಅಂಗಡಿಗೆ ಹೋಗಿ ಏನಂತ ಕೇಳಲಿ? ಸಾಹಿತ್ಯ ಇದ್ದರೆ ಒಂದು ಸಾಲಾದರೂ ಹೇಳಬಹುದು. ನಾನು ‘ಪಂ ಪಪಂ ಪಂ’ ಅಂದೆ. ಅಂಗಡಿಯವರು ನನ್ನನ್ನು ಒಮ್ಮೆ ನೋಡಿ ಪಕ್ಕದ ಗಿರಾಕಿಯ ಕಡೆ ತಿರುಗಿಕೊಂಡರು.

ಹೆಸರು ಸಿಗಲು ಇಪ್ಪತ್ತು ವರ್ಷ ಹಿಡಿಯಿತು. ಅದು ಪಿಗ್‌ಬ್ಯಾಗ್ ತಂಡದ ‘ಪಾಪಾಸ್ ಗಾಟ್ ಎ ಬ್ರಾಂಡ್ ನ್ಯೂ ಪಿಗ್‌ಬ್ಯಾಗ್’, 1981ರದ್ದು. ಬೇಸ್ ನುಡಿಸಿದ್ದು ಸೈಮನ್ ಅಂಡರ್‌ವುಡ್. ಆತ ಬಂದಿದ್ದು ನಿಮ್ಮ ಪಾಪ್ ಗ್ರೂಪಿನಿಂದಲೇ! ತಮಾಷೆ ನೋಡಿ. ಬಂಡವಾಳಶಾಹಿಯನ್ನು ಗಂಟಲು ಹರಿಯುವಂತೆ ಬೈದ ತಂಡ ಅದು. ಅಲ್ಲಿಂದ ಹೊರಬಿದ್ದವನು ಒಂದು ಮಾತೂ ಇಲ್ಲದ ಕುಣಿತದ ಹಾಡು ಮಾಡಿದ. ಅದು 1982ರಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ‘ಬೇಸ್ ಗಿಟಾರ್: ಅಂಡರ್‌ವುಡ್’ ಅಂತ ಆ ಸೀನಿಯರ್ ಬರೆದಿದ್ದರೆ ನನ್ನ ಇಪ್ಪತ್ತು ವರ್ಷ ಉಳಿಯುತ್ತಿತ್ತು.

ಹೊಗಳಿದ್ದು ಸಾಕು, ಈಗ ಸ್ವಲ್ಪ ಬೈಯುತ್ತೇನೆ. ನಿಮ್ಮ ಪಟ್ಟಿ ನೋಡಿದೆ. ಪಾಪ್ ಗ್ರೂಪಿನ 1979ರ ‘ವೈ’ ಆಲ್ಬಮ್ಮಿನ ಮುಂದೆ ಗಾಯಕ ಮಾರ್ಕ್ ಸ್ಟೀವರ್ಟ್ ಹೆಸರಿದೆ, ಡೆನಿಸ್ ಬೊವೆಲ್ ಎಲ್ಲಿ? ಬಾರ್ಬಡೋಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ರೆಗೇ ಸಂಗೀತಗಾರ ಆತ. 1977ರಲ್ಲಿ ಪಾಪ್ ಗ್ರೂಪಿನ ಹುಡುಗರು ತಂಡ ಕಟ್ಟಿದಾಗ ಸ್ಟೀವರ್ಟ್‌ಗೆ ಇನ್ನೂ ಹದಿಹರೆಯ. ಫಂಕ್, ರೆಗೇಯಿಂದ ಹುಟ್ಟಿದ ಡಬ್, ಫ್ರೀ ಜಾಝ್ ಅಂತ ಬೇರೆ ಬೇರೆ ಶೈಲಿಗಳೆಲ್ಲವನ್ನೂ ಒಂದೇ ಒರಳಿಗೆ ಹಾಕಿ ರುಬ್ಬಲು ಹೊರಟಿದ್ದರು. ಅದನ್ನು ಆಲ್ಬಮ್ಮಿನ ಹದಕ್ಕೆ ತಂದವರು ಬೊವೆಲ್. ಕೂಗು ಒಂದು ಮೂಲೆಯಿಂದ ಬಂದು ಪ್ರತಿಧ್ವನಿಯಾಗಿ ಇನ್ನೊಂದು ಮೂಲೆಯಲ್ಲಿ ಕರಗುತ್ತದಲ್ಲ, ಅದು ಅವರ ಕೈಚಳಕ. ಅದೇ ವರ್ಷ ‘ದ ಸ್ಲಿಟ್ಸ್’ ಹುಡುಗಿಯರ ಮೊದಲ ಆಲ್ಬಮ್ ಮಾಡಿಸಿದ್ದೂ ಇವರೇ. ಪಾಪ್ ಗ್ರೂಪಿನ ಡ್ರಮ್ಮರ್ ಬ್ರೂಸ್ ಸ್ಮಿತ್ ಆಮೇಲೆ ಸ್ಲಿಟ್ಸ್ ಜೊತೆಗೂ ನುಡಿಸಿದ. ಒಂದು ಹೆಸರು ಬಿಟ್ಟರೆ ಎರಡು ಮನೆಗಳ ನಡುವಿನ ಬಾಗಿಲು ಮುಚ್ಚಿಹೋಗುತ್ತದೆ.

ಪಾಪ್ ಗ್ರೂಪಿನ 1980ರ ಆಲ್ಬಮ್ಮಿನ ಹೆಸರೇ ಒಂದು ಪ್ರಶ್ನೆ. ಸಾಮೂಹಿಕ ಕೊಲೆಯನ್ನು ಇನ್ನೆಷ್ಟು ದಿನ ಸಹಿಸೋಣ ಅಂತ. ಎಲ್‌ಪಿ ಹೊದಿಕೆಯೊಳಗೆ ಪೋಸ್ಟರುಗಳನ್ನು ಮಡಚಿ ಇಟ್ಟಿದ್ದರು. ಹಾಡು ಕೇಳುತ್ತ ನೆಲದ ಮೇಲೆ ಹರಡಿಕೊಂಡು ಓದಲಿ ಅಂತ ತಾನೇ? ನಿಮ್ಮ ಗೆಳೆಯ ಬೇಡ ಅಂದ ಪಾಠವನ್ನು ತಂಡದವರೇ ಕಾಗದ ಖರ್ಚು ಮಾಡಿ ಕಳಿಸಿದ್ದರು ಸ್ವಾಮಿ.

ತಂಡ ಒಡೆದ ಮೇಲಿನ ಕಥೆಯೂ ಹೆಸರುಗಳ ಕಥೆಯೇ. ಪಾಪ್ ಗ್ರೂಪಿನಲ್ಲಿ ಗಿಟಾರ್ ನುಡಿಸುತ್ತಿದ್ದ ಗ್ಯಾರೆತ್ ಸೇಗರ್ ಮತ್ತು ಸ್ಮಿತ್ ಸೇರಿ ‘ರಿಪ್ ರಿಗ್ ಆ್ಯಂಡ್ ಪ್ಯಾನಿಕ್’ ಕಟ್ಟಿದರು. ಜಾಝ್ ವಾದಕ ರೋಲಂಡ್ ಕರ್ಕ್‌ನ ಒಂದು ಆಲ್ಬಮ್ಮಿನಿಂದ ಎತ್ತಿಕೊಂಡ ಹೆಸರದು. ಅದರಲ್ಲಿ ಹಾಡಿದ ಹುಡುಗಿ ನೆನೆ ಚೆರಿ, ತುತ್ತೂರಿಯ ಡಾನ್ ಚೆರಿ ಸಾಕಿ ಬೆಳೆಸಿದ ಮಗಳು. ಸ್ಟೀವರ್ಟ್ ಮಾತ್ರ ಬೈಗುಳ ಬಿಡಲಿಲ್ಲ. ರೆಕಾರ್ಡ್ ನಿರ್ಮಾಪಕ ಏಡ್ರಿಯನ್ ಶೆರ್‌ವುಡ್ ಜೊತೆ ಸೇರಿ ‘ಮಾಫಿಯಾ’ ಅನ್ನೋ ತಂಡ ಕಟ್ಟಿದ. ಸ್ವಲ್ಪ ವರ್ಷಗಳಲ್ಲೇ ಅದಕ್ಕೆ ಡಗ್ ವಿಂಬಿಶ್, ಕೀತ್ ಲೆಬ್ಲಾಂಕ್, ಸ್ಕಿಪ್ ಮ್ಯಾಕ್‌ಡೊನಾಲ್ಡ್ ಬಂದರು. ಅಮೆರಿಕದ ಶುಗರ್‌ಹಿಲ್ ಕಂಪನಿಯ ರ‍್ಯಾಪ್ ಹಾಡುಗಳ ಹಿಂದೆ ನುಡಿಸಿದ್ದ ಮೂವರು. ಬ್ರಿಸ್ಟಲ್ಲಿನಿಂದ ಶುಗರ್‌ಹಿಲ್‌ನವರ ನ್ಯೂಜೆರ್ಸಿಗೆ ದಾರಿ ಸಿಕ್ಕಿತಲ್ವಾ?

ನಮ್ಮ ಕಡೆ ಏನಾಗಿದೆ ನೋಡಿ. ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲೆ ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರು. ಆ ಹಾಡಿನ ಜೀವವೇ ಆಗಿದ್ದ ಕೊಳಲು ಯಾರದ್ದು? ಕೇಳಬೇಡಿ. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೋ ಜೊತೆ ‘ಜ್ಯೋತಿ’ ಆಲ್ಬಮ್ ಮಾಡಿದರು. ಹೊರತಂದಿದ್ದು ಜರ್ಮನಿಯ ಮ್ಯೂನಿಕ್‌ನ ರೆಕಾರ್ಡ್ ಕಂಪನಿ ಇಸಿಎಂ. ಹಾಡಿದ ಆರ್.ಎ. ರಮಾಮಣಿ, ಮೃದಂಗದ ಟಿ.ಎ.ಎಸ್. ಮಣಿ ಮಾತ್ರ ಅಲ್ಲ, ಘಟದವರು, ಖಂಜಿರದವರು ಎಲ್ಲರ ಹೆಸರೂ ಅದರಲ್ಲಿದೆ. ಬೆಂಗಳೂರಿನ ಘಟದವರ ಹೆಸರು ನೋಡಲು ಜರ್ಮನಿಯ ಎಲ್‌ಪಿ ತಿರುಗಿಸಬೇಕು! ಈಗಿನ ಫೋನುಗಳಲ್ಲಂತೂ ಹಾಡಿನ ಹೆಸರೇ ಅರ್ಧ ಕತ್ತರಿಸಿ ಮೂರು ಚುಕ್ಕಿ ಬರುತ್ತದೆ. ಆ ಚುಕ್ಕಿಗಳೊಳಗೆ ಎಷ್ಟು ಜನ ಇದ್ದಾರೋ.

ಇನ್ನೊಂದು ಮಾತು. ಸ್ಟೀವರ್ಟ್ 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪಾಪ್ ಗ್ರೂಪಿನದೇ ಗಿಟಾರಿನ ಜಾನ್ ವಾಡಿಂಗ್ಟನ್ ಹೋಗಿದ್ದೂ ಅದೇ ವರ್ಷ. ಆಮೇಲೆ ‘ಮ್ಯಾಕ್ಸಿಮಮ್ ಜಾಯ್’ ತಂಡ ಕಟ್ಟಿದವರಲ್ಲಿ ಆತ ಒಬ್ಬ. ನಿಮ್ಮ ಪಟ್ಟಿಯಲ್ಲಿ ಆತ ‘ಮತ್ತು ಇತರರು’ ಒಳಗೆ ಕೂತಿದ್ದಾನೆ. ದಯವಿಟ್ಟು ತಿದ್ದಿ.

ಗೆಳೆಯರ ಜೊತೆ ಜಗಳ ಬೇಡ. ನಾಳೆ ಅವರೊಬ್ಬರಿಗೇ ಪಿಗ್‌ಬ್ಯಾಗ್ ಹಾಡಿನ ಫೈಲ್ ಕಳಿಸಿ. ಫೈಲಿಗೆ ‘ಮಿಕ್ಸ್ 2’ ಅಂತ ಹೆಸರಿಡಿ. ಒಂದಕ್ಷರವೂ ಬರೆಯಬೇಡಿ, ಸುಮ್ನೆ ಇರಿ. ಎರಡು ದಿನದಲ್ಲಿ ‘ಲೋ, ಇದು ಯಾರದ್ದೋ?’ ಅಂತ ಅವರದೇ ಫೋನ್ ಬರುತ್ತದೆ.